ಕಾರ್ಡಿನ ಅಂಗಡಿ, ಕೊಸರಿನ ಅಂಗಡಿ

ನನ್ನ ಕಾಲಿಗೆ ಬುದ್ಧಿಯಿಲ್ಲ. ದೇವಲಾಪುರದಲ್ಲಿ ಮನೆಯಿಂದ ಕೂಗಳತೆಗೆ ಸಿದ್ದಪ್ಪನ ಅಂಗಡಿ ಇರುವಾಗ, ಒಂದು ಬೆಂಕಿಪೊಟ್ಟಣಕ್ಕೂ ಬಸ್ಸು ಹತ್ತಿಸಿ ನಾಗಮಂಗಲಕ್ಕೆ ಓಡಿಸುತ್ತದೆ. ಯಾಕೆ ಗೊತ್ತೇ? ಅಲ್ಲಿಯ ದೊಡ್ಡ ಅಂಗಡಿಗೆ ನಾನು ಮೆಂಬರು! ದುಡ್ಡು ಕೊಟ್ಟು ಕಾರ್ಡು ಮಾಡಿಸಿದ್ದೇನೆ. ಕಾರ್ಡು ಇದ್ದವರಿಗೆ ಒಂದು ರೇಟು, ಇಲ್ಲದವರಿಗೆ ಒಂದು.

ದುಡ್ಡಿನ ಗುಣ ನೋಡಿ. ಕಾರ್ಡು ಪುಕ್ಕಟೆ ಸಿಕ್ಕಿದ್ದರೆ ಗೂಟಕ್ಕೆ ನೇತುಹಾಕಿ ಮರೆಯುತ್ತಿದ್ದೆ. ಕೈಯಿಂದ ದುಡ್ಡು ಬಿಚ್ಚಿದ್ದೇನಲ್ಲ, ಅದು ವಸೂಲಾಗುವ ತನಕ ಬೇರೆ ಅಂಗಡಿಯ ಉಪ್ಪೂ ರುಚಿಸುವುದಿಲ್ಲ. ಮದುವೆಯಲ್ಲಿ ಮುಯ್ಯಿ ಕೊಟ್ಟವರು ಊಟ ಮಾಡದೆ ಏಳುತ್ತಾರೆಯೇ? ಹಾಗೆ.

ಒಂದೇ ಅಳುಕು. ದಿನಾ ಸಂಜೆ ನಾನು ಕೂರುತ್ತಿದ್ದುದು ಸಿದ್ದಪ್ಪನ ಅಂಗಡಿಯ ಜಗಲಿಯ ಮೇಲೆ. ಊರ ಸುದ್ದಿಯೆಲ್ಲ ಅಲ್ಲೇ. ಅವನಲ್ಲಿ ಕೊಳ್ಳುವುದು ಬಿಟ್ಟು ಅವನ ಜಗಲಿಯಲ್ಲಿ ಯಾವ ಮುಖ ಹೊತ್ತು ಕೂರಲಿ? ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ದಾರಿಯಲ್ಲಿ ಮನೆ ಸೇರುತ್ತಿದ್ದೆ. ಜಗಲಿ ಕೈಬಿಟ್ಟು ಹೋಯಿತು ಅಂದುಕೊಂಡಿದ್ದೆ.

ಮೊನ್ನೆ ಕಾರ್ಡಿನ ಅಂಗಡಿಯಲ್ಲಿ ಹೆಸರುಕಾಳು ತೂಗಿಸಿದೆ. ತೂಗುವ ಹುಡುಗಿ ಚೀಲಕ್ಕೆ ರೇಟಿನ ಚೀಟಿ ಅಂಟಿಸಿದಳು. ಸಿದ್ದಪ್ಪ ಏನು ತೂಗಿದರೂ ಮೇಲೊಂದು ಹಿಡಿ ಕೊಸರು ಹಾಕುವವನು. ಆ ರೂಢಿಯಲ್ಲಿ ನಾನೇ ಒಂದು ಹಿಡಿ ಬಾಚಿ ಚೀಲಕ್ಕೆ ಸುರಿದುಕೊಂಡೆ.

“ಅಜ್ಜಿ, ಅಂಗೆಲ್ಲ ಆಕ್ಕಳಂಗಿಲ್ಲ!”

“ಕೊಸರು ಕಣವ್ವ. ನಾನು ಮೆಂಬರು!” ಎಂದು ಕಾರ್ಡು ತೋರಿಸಿದೆ.

“ಕಾರ್ಡಿಗೆ ಕೊಸರಿಲ್ಲ ಅಜ್ಜಿ.”

ಹಿಂದೆ ಯಾರೋ ಕಿಸಕ್ಕೆಂದರು. ತಿರುಗಿದರೆ ಸಿದ್ದಪ್ಪ! ಅಂಗಡಿಯವರು ಕೊಡುವ ತಳ್ಳುಗಾಡಿ ತುಂಬ ಬೆಲ್ಲ, ಕಾಳು, ಸೋಪು. ಕೈಯಲ್ಲಿ ನನ್ನದರಂಥದೇ ಕಾರ್ಡು.

“ಲೋ ಸಿದ್ದ, ನೀನೂನಾ?”

“ಸಗಟು ಅಂಗ್ಡಿಗಿಂತ ಇಲ್ಲೇ ಸಸ್ತಾ ಕಣಕ್ಕ. ಊರಲ್ಲಿ ಯೇಳ್ಬುಟ್ಟೀಯ!”

“ಅಯ್ಯೋ ನಿನ್ನ! ನಿನ್ ಕಣ್ಣಿಗೆ ಬೀಳ್ಬಾರ್ದು ಅಂತ ನಾನು ಇತ್ಲಲ್ಲಿ ಮುಳ್ಳು ತುಳ್ಕಂಡು ಓಯ್ತಿದ್ರೆ...”

“ದಿನಾ ನೋಡ್ತಿದ್ದೆ ಬುಡಕ್ಕ. ನೀನಿಲ್ದೆ ಜಗಲಿ ಬಿಕೋ ಅಂತೈತೆ. ನಿನ್ ಮಾತು ಕೇಳಕ್ ಬಂದೋರು ಬೀಡಿನಾದ್ರೂ ತಕತಿದ್ರು.”

ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಸಿದ್ದಪ್ಪ ಬೆಲ್ಲದ ಪೊಟ್ಟಣ ಬಿಚ್ಚಿ ಒಂದು ಚೂರು ಮುರಿದು ನನ್ನ ಕೈಗಿಟ್ಟ.

“ನಿನ್ ತವ ನಾನೇನೂ ತಕಂಡಿಲ್ವಲ್ಲೋ?”

“ಕೈ ರೂಢಿ ಕಣಕ್ಕ, ತಿನ್ನು.”

ಬಾಯಿಗೆ ಹಾಕಿಕೊಂಡೆ.

ಕಾರ್ಡು ಬಿಟ್ಟಿಲ್ಲ. ದುಡ್ಡು ಕೊಟ್ಟಿದ್ದೇನೆ, ಬಿಡಲು ನಾನೇನು ಪೆದ್ದಿಯೇ? ಎಣ್ಣೆ, ಸೋಪು ಅಲ್ಲಿಂದಲೇ. ಬೆಲ್ಲ, ಕಾಳು ಸಿದ್ದಪ್ಪನಲ್ಲಿ. ಅವೂ ಅಲ್ಲಿಂದಲೇ ಬಂದವು, ಇಲ್ಲಿ ರೇಟು ಹೆಚ್ಚು, ಎಲ್ಲ ಗೊತ್ತು. ಆ ಹೆಚ್ಚಿನ ಕಾಸು ಜಗಲಿಯ ಮೆಂಬರುಗಿರಿಗೆ ಅಂದುಕೊಂಡು ಕೊಟ್ಟು, ಸಂಜೆ ಕಾಲು ಚಾಚಿ ಕೂರುತ್ತೇನೆ. ಕೊಸರು ಮಾತ್ರ ಬಿಡುವುದಿಲ್ಲ, ನಿಂತು ಹಾಕಿಸಿಕೊಳ್ಳುತ್ತೇನೆ.