ಅಮ್ಮಿಯ ಕಣ್ಣು ನೋಡಿದ ಕಂಪ್ಯೂಟರ್

ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದ ನಮ್ಮ ಅಮ್ಮಿ, ಬಿಸಿನೀರಲ್ಲಿ ತೇಲುವ ಗೂಡಿನ ಎಳೆಯ ತುದಿಯನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು. ಸಕ್ಕರೆ ಕಾಯಿಲೆಗೆಂದು ಆಸ್ಪತ್ರೆಯಲ್ಲಿ ಅವಳ ಕಣ್ಣಿನ ಒಳಪದರದ ಫೋಟೊ ತೆಗೆದರು. ಅದನ್ನು ಡಾಕ್ಟರಿಗಿಂತ ಮೊದಲು ಕಂಪ್ಯೂಟರ್ ನೋಡುತ್ತದೆಂದು ಕೇಳಿ ನನಗೆ ರೇಗಿತು. ಅರೆ ನಿಮಿಷದಲ್ಲಿ ಅದು ಎಳೆ ಎಳೆಯಾದ ರಕ್ತನಾಳಗಳ ನಡುವೆ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕೆಯೊಂದನ್ನು ತೋರಿಸಿತು. ಡಾಕ್ಟರು ಬಗ್ಗಿ ನೋಡಿ ಹೌದೆಂದರು. ನಾನೂ ಪರದೆಯತ್ತ ಬಗ್ಗಿದೆ.

“ಇದಕ್ಕೆ ಯಾರು ಕಲಿಸಿದ್ದು?” ಅಮ್ಮಿ ಕೇಳಿದಳು.

“ಲಕ್ಷಾಂತರ ಜನರ ಕಣ್ಣು ನೋಡಿ ಕಲ್ತಿದೆ, ಅಮ್ಮ,” ಅಂದರು ಡಾಕ್ಟರು.

ಅಮ್ಮಿ ಅಷ್ಟೂ ಜನಕ್ಕೆ ಸಲಾಂ ಮಾಡುವಂತೆ ಕೈಯನ್ನು ಹಣೆಗೆ ಒಯ್ದಳು.

“ನಂದೂ ಅದರಲ್ಲೇ ಇಟ್ಕೊಳ್ಳಪ್ಪ,” ಅಂದಳು. “ಮುಂದೆ ಬರೋರಿಗೆ ಆಗುತ್ತೆ.”