ಗಾಜಿನಂಗಡಿಯ ಗೂಬೆ

ನನ್ನ ಅಂಗಡಿಯಲ್ಲಿ ಒಂದು ಕಾನೂನಿದೆ: ತಿರುಗುವ ಮೊದಲು ಹಿಂದೆ ನೋಡು. ಕಿಟಕಿ ಗಾಜು, ಕನ್ನಡಿ, ಮೇಜಿನ ಮೇಲೆ ಹಾಸುವ ಗಾಜು ಎಲ್ಲವನ್ನೂ ಎರಡು ಗೋಡೆಗೆ ಒರಗಿಸಿಟ್ಟ ಮೇಲೆ ನಡುವೆ ಉಳಿಯುವುದು ಒಬ್ಬ ಮನುಷ್ಯ ಹೊಟ್ಟೆ ಒಳಗೆಳೆದುಕೊಂಡು ಹೋಗುವಷ್ಟು ಜಾಗ. ಅದರಲ್ಲೇ ಹಿಂದಿನಿಂದ ಯಾರಾದರೂ ಆಳೆತ್ತರದ ಕನ್ನಡಿ ಹೊತ್ತು ಬರುತ್ತಿರುತ್ತಾರೆ. ಗಿರಾಕಿಗಳಿಗೆ ಕಾನೂನು ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ. ಹಾಗಾಗಿ ಅವರನ್ನು ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸುತ್ತೇನೆ. ಅದನ್ನವರು ಮರ್ಯಾದೆ ಅಂದುಕೊಂಡಿದ್ದಾರೆ. ನಾನೂ ಅಲ್ಲವೆನ್ನಲು ಹೋಗಿಲ್ಲ.

ಈ ಸಂದಿಯಲ್ಲೇ ಬೆಳೆದವನು ನನ್ನ ತಂಗಿಯ ಮಗ. ತಂಗಿ ನಮ್ಮಲ್ಲಿ ಗಾಜು ಕತ್ತರಿಸುವವಳು. ಅವಳು ಒಮ್ಮೆ ಗೆರೆ ಎಳೆದಳೆಂದರೆ ಎಂಥ ದಪ್ಪ ಗಾಜೂ ಹೇಳಿದ ಮಾತು ಕೇಳುತ್ತದೆ. ಅಣ್ಣನೊಬ್ಬ ಮಾತ್ರ ಕೇಳುವುದಿಲ್ಲ ಎಂಬುದು ಅವಳ ದೂರು. ಹುಡುಗ ಶಾಲೆ ಬಿಟ್ಟೊಡನೆ ಅಂಗಡಿಗೆ ಬರುತ್ತಿದ್ದ. ದಿನವಿಡೀ ಅವನ ಕಿವಿಗೆ ಬೀಳುತ್ತಿದ್ದದ್ದು ಎರಡೇ ಮಾತು, ‘ಹಿಂದೆ ನೋಡು’, ‘ತಾಗಬೇಡ’. ಅವನ್ನು ಎಷ್ಟು ಮೈಗೂಡಿಸಿಕೊಂಡನೆಂದರೆ ಬೀದಿಯಲ್ಲಿ ನಡೆಯುವಾಗಲೂ, ಊಟಕ್ಕೆ ಕೂತಾಗಲೂ ಕತ್ತು ಹೊರಳಿಸಿ ಒಮ್ಮೆ ಈ ಹೆಗಲಾಚೆ, ಒಮ್ಮೆ ಆ ಹೆಗಲಾಚೆ ನೋಡುವನು. ಓರಗೆಯ ಹುಡುಗರು ಗೂಬೆ ಎಂದು ಹೆಸರಿಟ್ಟರು.

“ಮಗೂಗೆ ಅಂಥ ಹೆಸರಾ ಅಣ್ಣ?” ಎಂದು ತಂಗಿ ಕಣ್ಣಲ್ಲಿ ನೀರು ತಂದುಕೊಂಡಳು.

“ಬಿಡೇ, ನನ್ನನ್ನೂ ಶಾಲೇಲಿ ಕತ್ತೆ ಅಂತಿದ್ರು.”

“ಅವರು ಸುಮ್ನೆ ಅಂದಿದ್ದಲ್ವಲ್ಲ.”

ಗೂಬೆಯ ಬೆಲೆ ತಿಳಿದದ್ದು ಅಂಗಡಿ ಹಿಂದಿನ ಮೈದಾನದಲ್ಲಿ. ಉಳಿದ ಹುಡುಗರೆಲ್ಲ ಚೆಂಡನ್ನೇ ನೋಡುತ್ತಿದ್ದರೆ, ಇವನು ಚೆಂಡು ಬರುವ ಮೊದಲೇ ಉಳಿದದ್ದನ್ನೆಲ್ಲ ನೋಡಿ ಮುಗಿಸಿರುತ್ತಿದ್ದ. ಕಾಲಿಗೆ ಬಂದ ಚೆಂಡು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹದಿನೇಳು ತುಂಬುವಷ್ಟರಲ್ಲಿ ಊರಿನ ವೃತ್ತಿಪರ ಫುಟ್‌ಬಾಲ್ ಕ್ಲಬ್ಬು ಅವನನ್ನು ಕರೆದು, ಹಾಸ್ಟೆಲಿನಲ್ಲಿಟ್ಟು, ಎರಡು ಸೀಸನ್ನಿಗೆ ಒಪ್ಪಂದ ಮಾಡಿಕೊಂಡಿತು. ಆಡುವ ಜಾಗ ಮಿಡ್‌ಫೀಲ್ಡ್. ವ್ಯಾಪಾರಿ ಭಾಷೆಯಲ್ಲಿ ದಲ್ಲಾಳಿ ಕೆಲಸ. ಹಿಂದಿನವರಿಂದ ಸರಕು ತೆಗೆದುಕೊಂಡು ಮುಂದಿನವರಿಗೆ ದಾಟಿಸಬೇಕು. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ದಲ್ಲಾಳಿಯ ಹೆಸರು ಸರಕು ಕೆಟ್ಟಾಗ ಮಾತ್ರ. ಮೊದಲ ಸೀಸನ್ನಿನಲ್ಲಿ ಗೆದ್ದವರ ಫೋಟೋ ಒಂದು ಪೇಪರಿನಲ್ಲಿ ಬಂತು. ಅದರ ಅಂಚಿನಲ್ಲಿ ನಮ್ಮವನ ಮೊಣಕೈ ಇತ್ತು. ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದೆ. ಯಾರ ಕೈ ಅದು ಎಂದು ಕೇಳುವವರೆಗೂ ಯಾವ ಗಿರಾಕಿಗೂ ಬಿಲ್ಲು ಕೊಟ್ಟವನಲ್ಲ.

ಎರಡನೆಯ ಸೀಸನ್ನು ಮುಗಿಯುತ್ತ ಬಂದಾಗ ಕ್ಲಬ್ಬಿನ ಬಟ್ಟೆ ಬದಲಿಸುವ ಕೋಣೆಗೆ ಕನ್ನಡಿ ಕೂರಿಸಲು ಹೋಗಿದ್ದೆ. ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು.

“ನಿಮ್ಮ ಹುಡುಗನ ತಲೆ ಬಂಗಾರ. ಆದ್ರೆ ಯಾರಿಗೂ ತಾಗಲ್ಲ ಕಣ್ರೀ! ಎದುರಾಳಿ ಬಂದ್ರೆ ಬಸ್ಸಲ್ಲಿ ಅಜ್ಜಿಗೆ ಸೀಟು ಬಿಟ್ಟ ಹಾಗೆ ಪಕ್ಕಕ್ಕೆ ಸರೀತಾನೆ. ಭಾನುವಾರ ಕೊನೇ ಮ್ಯಾಚು. ಅದಾದ್ಮೇಲೆ ಯಾರನ್ನ ಉಳಿಸ್ಕೊಳ್ಳೋದು, ಯಾರನ್ನ ಕಳಿಸೋದು ಅಂತ ನಾನೇ ಹೇಳ್ಬೇಕು. ಹೀಗೇ ಆಡಿದ್ರೆ ಕಳಿಸ್ತೀನಿ.”

ಮರುದಿನ ಹುಡುಗ ಅಂಗಡಿಗೆ ಬಂದ. ಕೋಚ್ ಅವನಿಗೂ ಅದನ್ನೇ ಹೇಳಿದ್ದರೆಂಬುದು ಮುಖದಲ್ಲೇ ಕಾಣುತ್ತಿತ್ತು. ಬಾಗಿಲ ಬಳಿ ಕಬ್ಬಿಣದ ಚೌಕಟ್ಟಿಗೆ ಬಿಗಿದ ಟಫನ್ಡ್ ಗಾಜಿನ ಹಲಗೆಯೊಂದಿದೆ. ಅದು ಕಾಯಿಸಿ ಗಟ್ಟಿಮಾಡಿದ ಗಾಜು. ಗಿರಾಕಿಗೆ ನಂಬಿಕೆ ಬರಲೆಂದು ಮರದ ಸುತ್ತಿಗೆಯಿಂದ ಬಾರಿಸಿ ತೋರಿಸುತ್ತೇನೆ. ಹುಡುಗನನ್ನು ಅದರ ಮುಂದೆ ನಿಲ್ಲಿಸಿದೆ.

“ಹೆಗಲು ಕೊಟ್ಟು ಗುದ್ದು.”

ಅವನು ಅಭ್ಯಾಸದಂತೆ ಹಿಂದೆ ನೋಡಿದ. “ಮಾವ, ಇದು ಗಾಜು.”

“ಗಾಜೇ ಕಣೋ. ಇಷ್ಟು ವರ್ಷ ನಾನೇನು ಬಲೂನು ಮಾರ್ತಿದ್ನಾ?”

“ಒಡೆದ್ರೆ?”

“ಒಡೆದ್ರೆ ನಿಮ್ಮಮ್ಮನ ಕೈಲಿ ಬೈಸ್ಕೊಳ್ಳೋನು ನಾನು. ನಿಂಗೇನು ಕಷ್ಟ?”

ಬೆರಳ ತುದಿಯಿಂದ ಮುಟ್ಟಿ ಕೈ ಹಿಂದೆಗೆದ. ಆಗಲಿಲ್ಲ. ಒಳಗೆ ಕೆಲಸದಲ್ಲಿದ್ದ ತಂಗಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಕೈಗವಸು ಕಳಚಿಟ್ಟಳು, ಹಿಂದೆ ನೋಡಿದಳು, ಓಡಿ ಬಂದು ಹೆಗಲಿನಿಂದ ಹಲಗೆಗೆ ಗುದ್ದಿದಳು. ಧಮ್ ಎಂದಿತು. ಕುರ್ಚಿಯಲ್ಲಿದ್ದ ಗಿರಾಕಿ ಎದ್ದು ರಸ್ತೆಯಲ್ಲಿ ನಿಂತಿದ್ದ. ಗಾಜು ಮಾತ್ರ ಇದ್ದಲ್ಲೇ ಇತ್ತು.

“ಎಲ್ಲಾನೂ ಒಡೆಯಲ್ಲ ಮಗ,” ಎಂದಳು ಹೆಗಲು ತಿಕ್ಕಿಕೊಳ್ಳುತ್ತ. “ಯಾವುದು ಒಡೆಯುತ್ತೆ, ಯಾವುದು ತಡೆಯುತ್ತೆ ಅಂತ ತಿಳ್ಕೊಳ್ಳೋ ವಯಸ್ಸಾಯ್ತು ನಿಂಗೆ.”

ಆಮೇಲೆ ಅವನು ಗುದ್ದಿದ. ಮೊದಲು ಬಾಗಿಲು ತಟ್ಟುವ ನೆಂಟನ ಹಾಗೆ, ಬರಬರುತ್ತ ಬಾಕಿ ಕೇಳಲು ಬಂದವನ ಹಾಗೆ. ರಸ್ತೆಗೆ ಓಡಿದ್ದ ಗಿರಾಕಿ ಮರಳಿ ಬಂದು ಅದೇ ಗಾಜಿನ ಬಾಗಿಲು ಬೇಕೆಂದ. ನನ್ನ ಸುತ್ತಿಗೆ ಮೂರು ಸಲ ಬಾರಿಸಿಯೂ ನಂಬಿಸಲಾಗದೆ ಸೋತ ಗಿರಾಕಿ ಅವನು.

ಭಾನುವಾರ ಎದುರು ತಂಡದ ನಡುವೆ ನಿಂತಿದ್ದವನನ್ನು ಜನ ಬೀರು ಎಂದು ಕರೆಯುತ್ತಿದ್ದರು. ಅಷ್ಟಗಲ, ಅಷ್ಟೆತ್ತರ, ಬಾಗಿಲೊಂದಿರಲಿಲ್ಲ. ಎರಡೂ ಕಡೆ ಗೋಲಿಲ್ಲದೆ ಅರ್ಧ ಆಟ ಕಳೆದ ಮೇಲೆ ಕೋಚ್ ನಮ್ಮವನನ್ನು ಮೈದಾನಕ್ಕೆ ಇಳಿಸಿದರು. ಮೊದಲ ಚೆಂಡಿಗೇ ಬೀರು ನುಗ್ಗಿ ಬಂದ. ನಮ್ಮವನು ಸರಿದು ದಾರಿ ಬಿಟ್ಟ. ಜನ ಕೂಗಿದರು. ಕೋಚ್ ಬೆಂಚಿನತ್ತ ತಿರುಗಿ ಇನ್ನೊಬ್ಬ ಆಟಗಾರನಿಗೆ ಎದ್ದೇಳಲು ಸನ್ನೆ ಮಾಡಿದರು. ತಂಗಿ ನನ್ನ ತೋಳನ್ನು ಹಿಂಡುತ್ತಿದ್ದಳು. ಗಾಜು ಕತ್ತರಿಸುವ ಕೈ, ನನ್ನ ತೋಳು ಈಗಲೂ ನೆನಪಿಟ್ಟುಕೊಂಡಿದೆ.

ಆ ಇನ್ನೊಬ್ಬ ಮೈ ಬಿಸಿ ಮಾಡಿಕೊಳ್ಳುತ್ತಿರುವಾಗಲೇ ಚೆಂಡು ಮತ್ತೆ ಗೂಬೆಯತ್ತ ಬಂತು. ಈ ಹೆಗಲಾಚೆ ನೋಡಿದ, ಆ ಹೆಗಲಾಚೆ ನೋಡಿದ. ಬೀರು ಬರುತ್ತಿತ್ತು. ಈ ಸಲ ಸರಿಯಲಿಲ್ಲ. ಹೆಗಲು ಕೊಟ್ಟ. ಬೀರು ಹುಲ್ಲಿನ ಮೇಲೆ ಕೂತುಬಿಟ್ಟಿತು. ರೆಫರಿ ಸೀಟಿ ಊದಲಿಲ್ಲ, ತಪ್ಪೇನೂ ಇರಲಿಲ್ಲ. ನಮ್ಮವನು ತಲೆ ಎತ್ತದೆಯೇ ಚೆಂಡನ್ನು ಎಡಗಡೆಯ ಖಾಲಿ ಜಾಗಕ್ಕೆ ತಳ್ಳಿದ. ಖಾಲಿಯೆಂದು ನಾವು ಅಂದುಕೊಂಡಿದ್ದೆವು. ಅವನು ಆಗಲೇ ನೋಡಿಟ್ಟಿದ್ದ. ಓಡಿ ಬಂದ ಜೊತೆಗಾರ ಅದನ್ನು ಬಲೆಗೆ ಸೇರಿಸಿದ.

ತಂಡವೆಲ್ಲ ಗೋಲು ಹೊಡೆದವನ ಮೇಲೆ ಬಿತ್ತು. ನಮ್ಮವನು ಉಲ್ಟಾ ಓಡಿದ. ಕೂತಿದ್ದ ಬೀರುವಿನ ಮುಂದೆ ಮಂಡಿಯೂರಿ ಅವನ ಹೆಗಲು, ತೋಳು, ಮೊಣಕೈ ಎಲ್ಲವನ್ನೂ ಬೆರಳಾಡಿಸಿ ನೋಡತೊಡಗಿದ. ವ್ಯಾನಿನಿಂದ ಇಳಿಸಿದ ಗಾಜಿನ ಅಂಚನ್ನು ನಾವು ಹಾಗೆಯೇ ಸವರಿ ನೋಡುತ್ತೇವೆ. ಬೀರು ಕಕ್ಕಾಬಿಕ್ಕಿ. ಜನವೆಲ್ಲ ನಗುತ್ತಿದ್ದರು.

“ಬಿರುಕು ನೋಡ್ತಿದಾನೆ ಅಣ್ಣ,” ಎಂದಳು ತಂಗಿ, ನಗುತ್ತ, ಕಣ್ಣೊರೆಸಿಕೊಳ್ಳುತ್ತ.

ಆಟ ಮುಗಿದ ಮೇಲೆ ಕೋಚ್ ನಾವು ಕೂತಿದ್ದಲ್ಲಿಗೇ ಬಂದರು. “ನಾಳೆ ಬಂದು ಸಹಿ ಹಾಕ್ಲಿ. ಆದ್ರೆ ಬಿದ್ದೋರ ಮೈ ತಡವೋ ಚಾಳಿ ಒಂದನ್ನ ಬಿಡಿಸಿ.”

“ಅದು ಬಿಡಿಸೋದಲ್ಲ ಸಾರ್,” ಎಂದಳು ತಂಗಿ. “ಅದು ನಮ್ಮ ಅಂಗಡೀದು.”

ಪೇಪರಿನಲ್ಲಿ ಗೋಲು ಹೊಡೆದವನ ಹೆಸರೇ ದಪ್ಪಕ್ಷರದಲ್ಲಿತ್ತು. ಫೋಟೋ ಮಾತ್ರ ನಮ್ಮವನದು, ಮಂಡಿಯೂರಿ ಬೀರುವಿನ ಹೆಗಲು ಸವರುತ್ತಿರುವಂಥದ್ದು. ಟಫನ್ಡ್ ಗಾಜಿನ ಕಟ್ಟು ಹಾಕಿಸಿ ಗೋಡೆಗೇರಿಸಿದ್ದೇನೆ. ಗಿರಾಕಿಗಳ ಕುರ್ಚಿಯನ್ನೂ ಅತ್ತ ತಿರುಗಿಸಿದ್ದೇನೆ. ಮುಖಕ್ಕೆ ಬೀದಿಯ ಧೂಳು ಬಡಿಯದಿರಲೆಂದು ಹಾಗೆ ಮಾಡಿದ್ದೇನೆ ಅಂತ ಅವರು ಅಂದುಕೊಂಡಿದ್ದಾರೆ.