ಕಾವಲಿ ಪಳಗಿದ ಗುಟ್ಟು

ಸ್ನೇಹಿತರೇ, ಬಂಗಾಳದ ನಮ್ಮ ನ್ಯೂ ಟೌನ್ ಫ್ಲ್ಯಾಟಿನಲ್ಲಿ ಇವತ್ತು ಕಡೆಗೂ ದೋಸೆ ಹರಿಯದೆ ಎದ್ದಿತು. ಅಮ್ಮ ಉಡುಪಿಯಿಂದ ಹೊತ್ತು ತಂದ ಕಬ್ಬಿಣದ ಕಾವಲಿಗೆ ತಿಂಗಳಿಡೀ ಗಂಜಿ ತಿಳಿ ಹಚ್ಚಿ, ಎಣ್ಣೆ ಸವರಿ, ಈರುಳ್ಳಿ ಉಜ್ಜಿದರೂ ದೋಸೆ ಅಂಟುತ್ತಲೇ ಇತ್ತು. ಕೊನೆಗೆ ಪಕ್ಕದ ಮನೆಯ ಬಂಗಾಳಿ ಬೌದಿ, ಅಂದರೆ ಅತ್ತಿಗೆ, ತಾನು ನಾಲ್ಕು ದಿನದಲ್ಲಿ ಪಳಗಿಸಿ ಕೊಡುತ್ತೇನೆಂದು ಒಯ್ದಿದ್ದರು. "ಮಾಂಸ ಮಾತ್ರ ಮುಟ್ಟಿಸುವುದು ಬೇಡ ಅಂತ ಹೇಳು" ಎಂದಿದ್ದರು ಅಮ್ಮ. ಹೇಳಿದ್ದೆ.

ಇಂದು ಬೆಳಿಗ್ಗೆ ಕಾವಲಿ ಮಿರಮಿರ ಮಿಂಚುತ್ತ ವಾಪಸು ಬಂತು. ಅಮ್ಮ ಮೂರು ದೋಸೆ ತಿಂದು, "ಆ ಬೌದಿಯ ಕೈಗುಣವೇ ಕೈಗುಣ ಮಾರಾಯ!" ಎಂದರು.

ಆಗ, ದಿನವೂ ಬೌದಿಯ ಮನೆಗೆ ಆಡಲು ಹೋಗುವ ನನ್ನ ಎಂಟು ವರ್ಷದ ಮಗಳು ಬಾಯಿ ಬಿಟ್ಟಳು. "ಅಜ್ಜಿ, ಆಂಟಿ ಅದ್ರಲ್ಲಿ ಡೈಲಿ ಫಿಶ್ ಫ್ರೈ ಮಾಡ್ತಿದ್ರು!"

ಬೌದಿ ಮಾತು ತಪ್ಪಿರಲಿಲ್ಲ. ಈ ಊರಿನಲ್ಲಿ ಮೀನನ್ನು ಯಾರೂ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಮ್ಮ ಕಾವಲಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು. "ಬೆಂಕಿಗೆ ಇಟ್ಟ ಕಬ್ಬಿಣಕ್ಕೆ ಎಂತ ಮೈಲಿಗೆ?" ಎಂದು ನಾಲ್ಕನೆಯ ದೋಸೆ ಹೊಯ್ದರು.

ಮಧ್ಯಾಹ್ನ ಕಪಾಟಿನಿಂದ ಗುಳಿಯಪ್ಪದ ಕಾವಲಿಯೂ ಇಳಿಯಿತು. "ಇದನ್ನೂ ಬೌದಿಗೆ ಕೊಟ್ಟು ಬಾ. ಎಂತ ಕಾಯಿಸ್ತಾರೆ ಅಂತ ಕೇಳ್ಬೇಡ. ಮಗುವನ್ನು ಮಾತ್ರ ನಾಲ್ಕು ದಿನ ಅತ್ಲಾಗೆ ಕಳಿಸ್ಬೇಡ."